ಯೋಸ್ಟ್‌ನ ಗಾಡಿಯ ಗಂಟೆಗಳು

ಒಂಬತ್ತನೆಯ ಕಂತು

"ಆ ಗಂಟೆಗಳನ್ನ ಎಲ್ಲಿ ತಗೊಂಡ್ರಿ, ಯಜಮಾನ್ರೇ?"

ಲುಟ್ಸ್ ವೈಟ್ಸೆಲ್ ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸು ಕೆರೆಯುತ್ತಿದ್ದ. ತಲೆ ಎತ್ತಲಿಲ್ಲ. ಆದರೆ ಕೆರೆಯುವ ಕೈ ನಿಂತಿತು.

"ಯಾವ ಗಂಟೆ?"

"ಲಾಯದ ಒಳಬಾಗಿಲ ಮೇಲೆ ನೇತು ಹಾಕಿದೀರಲ್ಲ, ಅದೇ. ಕಬ್ಬಿಣದ ಕಮಾನು, ಐದು ಗಂಟೆ. ಮೇಲೆ ತೊಗಲಿನ ಹೊದಿಕೆ, ಅದಕ್ಕೆ ನೀಲಿ ದಾರದ ಹೂವು."

"ಓ, ಅದಾ. ಯಾವ್ದೋ ಸಂತೇಲಿ ತಗೊಂಡೆ."

"ಸಂತೇಲಿ," ಎಂದ ಎನಾಕ್ ಥಾರ್ನ್‌ಬರಿ, ಮಗು ಹೇಳಿದ ಸುಳ್ಳನ್ನು ಮತ್ತೊಮ್ಮೆ ಹೇಳಿಸಿಕೊಳ್ಳುವವನ ಹಾಗೆ. ಮಗುಚಿ ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತು ನೋಯುವ ಎಡಗಾಲನ್ನು ನೀಡಿಕೊಂಡ.

ಹದಿನಾಲ್ಕು ವರ್ಷದ ಹಿಂದಿನ ಚಳಿಗಾಲದಲ್ಲಿ ಸೈನ್ಯಕ್ಕೆ ಹಿಟ್ಟು ತುಂಬಿಕೊಂಡು ಹೊರಟ ಯೋಸ್ಟ್ ಕೀಫರ್ ಗಾಡಿ ಕುದುರೆ ಸಮೇತ ಮಾಯವಾಗಿದ್ದ. ಅವನು ಶತ್ರುಗಳ ಕಡೆ ತಿರುಗಿದ್ದನ್ನು ಕಣ್ಣಾರೆ ಕಂಡೆ ಎಂದು ಪ್ರಮಾಣ ಮಾಡಿದ ಒಬ್ಬನೇ ಒಬ್ಬ ಸಾಕ್ಷಿ ಈ ಲುಟ್ಸ್. ಹೆದ್ದಾರಿಯ ಮೇಲೆ ಗಾಡಿಯವರು ತಂಗುವ ದೊಡ್ಡ ಛತ್ರದ ಮಾಲೀಕ, ತಾನೂ ಗಾಡಿ ಹೊಡೆಯುವವನು. ಅವನ ಮಾತಿಗೆ ಎದುರಾಡುವವರು ಆ ಸೀಮೆಯಲ್ಲಿ ಇರಲಿಲ್ಲ.

ಎನಾಕನ ಕೆಲಸ ಹೇಳಿಕೊಳ್ಳುವುದಕ್ಕೆ ಸಣ್ಣದು, ಮಾಡುವುದಕ್ಕೆ ತಲೆನೋವು. ಹದಿಮೂರು ರಾಜ್ಯಗಳು ಸೇರಿ ಇಂಗ್ಲಿಷರ ಮೇಲೆ ಯುದ್ಧ ಮಾಡಿದವು, ಗೆದ್ದವು, ಈಗ ಎಲ್ಲಕ್ಕೂ ಮೇಲೊಂದು ಒಕ್ಕೂಟ ಸರಕಾರ ಕಟ್ಟಿಕೊಂಡು ಕೂತಿವೆ. ಯುದ್ಧಕ್ಕೆಂದು ತಾವು ಮಾಡಿದ ಸಾಲವನ್ನೂ ಕಳೆದುಕೊಂಡ ಸಾಮಾನನ್ನೂ ಆ ಹೊಸ ಸರಕಾರ ತನ್ನ ತಲೆಗೆ ಹಾಕಿಕೊಳ್ಳಲಿ ಎಂದು ಪ್ರತಿಯೊಂದು ರಾಜ್ಯವೂ ಮೂಟೆಗಟ್ಟಲೆ ಕೇಳಿಕೆ ಕಳಿಸಿದೆ. ಹಿಸ್ಸೆಯ ದಿನ ಅಣ್ಣತಮ್ಮಂದಿರಿಗೆ ನೆನಪಿನ ಶಕ್ತಿ ಹೆಚ್ಚಾಗುತ್ತದಲ್ಲ, ಹಾಗೆ. ಪೆನ್ಸಿಲ್ವೇನಿಯಾದ ಮೂಟೆಯಲ್ಲಿ ಕಾಳೆಷ್ಟು ಹೊಟ್ಟೆಷ್ಟು ಎಂದು ಊರೂರು ತಿರುಗಿ ನೋಡುವವನು ಎನಾಕ್. ಯೋಸ್ಟ್‌ನ ಗಾಡಿ ಆ ಮೂಟೆಯ ತಳದಲ್ಲಿತ್ತು: 'ಸೈನ್ಯದ ಸೇವೆಯಲ್ಲಿ ನಷ್ಟ.'

ಅದನ್ನು ಒಪ್ಪಬೇಕೋ ಹೊಡೆದು ಹಾಕಬೇಕೋ, ಅವನ ಅಭಿಪ್ರಾಯ ನಾಳೆಯ ಅಂಚೆಬಂಡಿಯಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಬೇಕಿತ್ತು.

ಸರಕಾರ ಒಪ್ಪಿದರೆ ತಾವೂ ಒಪ್ಪುತ್ತೇವೆ ಎಂದಿದ್ದರು ಊರ ಚರ್ಚಿನ ಹಿರಿಯರು. ಆಗ ಯೋಸ್ಟ್‌ನ ತಂದೆತಾಯಿಯ ಸಮಾಧಿಕಲ್ಲಿನ ಕೆಳಗೆ ಖಾಲಿ ಉಳಿದ ಜಾಗದಲ್ಲಿ ಅವನ ಹೆಸರನ್ನು ಕೆತ್ತಬಹುದು. ದ್ರೋಹಿಗಾದರೆ ಅಲ್ಲಿ ಜಾಗವಿಲ್ಲ. ಯೋಸ್ಟ್‌ನ ಹೆಂಡತಿ ಅಪೊಲೋನಿಯಾ ಮೊದಲ ದಿನವೇ ಎನಾಕನಿಗೆ ಹೇಳಿದ್ದಳು: "ದುಡ್ಡು ನಿಮ್ಮ ಸರಕಾರವೇ ಇಟ್ಕೊಳ್ಳಲಿ ಸಾಹೇಬ್ರೇ. ನಂಗೆ ಆ ಕಲ್ಲಿನ ಮೇಲೆ ಒಂದು ಹೆಸರು ಬೇಕು, ಅಷ್ಟೇ."

"ಸಂತೇಲಿ ಯಾರು ಮಾರಿದ್ರು?" ಎಂದು ಎನಾಕ್ ಕೇಳಿದ.

"ಯಾರೋ. ಜಾತಕ ಕೇಳೋಕೆ ಹೋಗ್ಲಿಲ್ಲ ನಾನು."

"ನಾನು ಪಟ್ಟಣದೋನು, ಒಪ್ಕೋತೀನಿ. ಆದ್ರೆ ನಿಮ್ಮ ರಸ್ತೇಲಿ ಎಂಟು ವಾರದಿಂದ ತಿರುಗ್ತಿದೀನಿ. ಇಲ್ಲಿನ ಗಾಡಿಯವ್ನು ಅಂಗಿ ಮಾರ್ತಾನೆ, ಕುದುರೆ ಮಾರ್ತಾನೆ, ಹೆಂಡ್ತಿ ಕಣ್ ತಪ್ಪಿಸಿ ಮದುವೆ ಉಂಗುರಾನೂ ಮಾರ್ತಾನೆ. ಗಂಟೆ ಮಾತ್ರ ಮಾರಲ್ಲ."

ಲುಟ್ಸ್ ಕುದುರೆಯ ಕಾಲನ್ನು ಮೆಲ್ಲಗೆ ಕೆಳಗೆ ಬಿಟ್ಟ.

ಆ ದಾರಿಯ ಕಟ್ಟಳೆ ಹಾಗಿತ್ತು. ಗಾಡಿ ಕೆಸರಿನಲ್ಲಿ ಹೂತುಹೋದರೆ, ಇನ್ನೊಬ್ಬ ಬಂದು ತನ್ನ ಕುದುರೆ ಕಟ್ಟಿ ಎಳೆದು ಹಾಕಿದರೆ, ಎಳೆಸಿಕೊಂಡವನು ತನ್ನ ಕುದುರೆಯ ಕೊರಳ ಮೇಲಿನ ಗಂಟೆಗಳನ್ನು ಬಿಚ್ಚಿ ಅವನ ಕೈಗೆ ಕೊಡಬೇಕು. ಚೌಕಾಶಿಯಿಲ್ಲ, ಬದಲಿಲ್ಲ. ಗಂಟೆಯಿಲ್ಲದೆ ಊರು ಸೇರಿದವನನ್ನು ಮನೆಯ ಹೆಂಗಸರೂ ಛೇಡಿಸುತ್ತಾರೆ. ಗೆದ್ದುಕೊಂಡವನು ಹತ್ತು ಜನಕ್ಕೆ ಕಾಣುವ ಹಾಗೆ ಬಾಗಿಲ ಮೇಲೆ ಮೆರೆಸುತ್ತಾನೆ.

ಕದ್ದ ಮಾಲಾಗಿದ್ದರೆ ಲುಟ್ಸ್ ಯಾವತ್ತೋ ಕರಗಿಸಿ ಕೊಳಗ ಮಾಡಿಸುತ್ತಿದ್ದ. ಇದು ಗೆದ್ದ ಮಾಲು. ಹೊರಗೆ ಹಾಕಲು ಧೈರ್ಯವಿಲ್ಲ, ಪೆಟ್ಟಿಗೆಯಲ್ಲಿಡಲು ಮನಸ್ಸಿಲ್ಲ. ಒಳಬಾಗಿಲಿಗೆ ಹಾಕಿಕೊಂಡು ಒಬ್ಬನೇ ನೋಡಿಕೊಳ್ಳುತ್ತಿದ್ದ. ಗಾಡಿಯವನ ಜಂಬಕ್ಕೆ ಬುದ್ಧಿ ಕಡಿಮೆ.

"ಈ ಹೂವು ಅಪೊಲೋನಿಯಾ ಹೊಲಿದಿದ್ದು. ಅಂದ್ರೆ ಯೋಸ್ಟ್‌ನ ಗಾಡೀನ ಕೆಸರಿಂದ ಎಳೆದೋರು ನೀವು," ಎಂದ ಎನಾಕ್. "ಚಕ್ರಕ್ಕೆ ಹೆಗಲು ಕೊಟ್ಟಿದೀರಿ. ಮುಖ ನೋಡಿದೀರಿ. ಗಂಟೆ ಇಸ್ಕೊಂಡಿದೀರಿ. ಹಾಗಿದ್ರೆ ನಿಮ್ಮ ಪ್ರಮಾಣದ ಮಾತೇನಾಯ್ತು? 'ಜಗಲಿ ಮೇಲೆ ನಿಂತು ದೂರದಿಂದ ನೋಡಿದೆ. ಯೋಸ್ಟ್‌ನ ಗಾಡಿ ಕವಲುದಾರೀಲಿ ಇಂಗ್ಲಿಷರು ಹಿಡಿದಿದ್ದ ಪಟ್ಟಣದ ಕಡೆ ತಿರುಗ್ತು. ಒಂದು ಮಾತೂ ಆಡ್ಲಿಲ್ಲ.' ಇದರಲ್ಲಿ ಸುಳ್ಳು ಯಾವ್ದು ಯಜಮಾನ್ರೇ, ನಿಮ್ಮ ಬಾಯೋ, ಈ ಗಂಟೆಯೋ?"

"ಅವನನ್ನ ನಾನೇನೂ ಮಾಡಿಲ್ಲ."

"ಮಾಡಿದ್ರಿ ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅದು ಲುಟ್ಸ್‌ಗೂ ಗೊತ್ತಾಯಿತು. ಅವನು ಹುಲ್ಲಿನ ಕಟ್ಟಿನ ಮೇಲೆ ಕುಳಿತ. ಎಂಥ ಆಳು, ಎಂಥ ಭುಜ; ಕುಳಿತಾಗ ಮಾತ್ರ ಒಮ್ಮೆಲೇ ಮುದುಕನ ಹಾಗೆ ಕಂಡ. ಎನಾಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಆವತ್ತು ಹಿಮ ಬೀಳ್ತಿತ್ತು," ಎಂದ ಲುಟ್ಸ್. "ಒಂದು ಗಾಡಿ ಹೋಯ್ತು. ಗಾಡಿ, ಅಷ್ಟೇ. ಯಾರದ್ದು ಅಂತ ಕಾಣೋ ಹಾಗಿರ್ಲಿಲ್ಲ."

"ಮತ್ತೆ ಯೋಸ್ಟ್ ಹೆಸರು ಹೇಳಿದ್ದು?"

"ಸೈನ್ಯದೋರು ಬಂದ್ರು. ಹಿಟ್ಟು ಬರ್ಲಿಲ್ಲ, ಹುಡುಗ್ರು ಉಪವಾಸ ಬಿದ್ದಿದಾರೆ, ಯಾರು ಇಂಗ್ಲಿಷರಿಗೆ ಮಾರಿದ್ದು ಹೇಳು ಅಂದ್ರು. ಯಾರದಾದ್ರೂ ಹೆಸರು ಹೇಳ್ಬೇಕಿತ್ತು. ಇಲ್ಲಾಂದ್ರೆ ನನ್ನ ಗಾಡಿ ಎಲ್ಲಿತ್ತು ಅಂತ ಕೇಳ್ತಿದ್ರು."

"ಎಲ್ಲಿತ್ತು?"

ಲುಟ್ಸ್ ಗೊರಸಿನ ಉಳಿಯನ್ನು ಹುಲ್ಲಿಗೆ ಒರೆಸತೊಡಗಿದ. ಕುದುರೆ ಬಾಲ ಬೀಸಿತು. ಆ ಪ್ರಶ್ನೆ ಓಡಿಹೋಗುವುದಿಲ್ಲ, ಆಮೇಲೆ ಕೇಳಿದರಾಯಿತು ಎಂದುಕೊಂಡ ಎನಾಕ್.

"ಗಂಟೆ ವಿಷಯ ಹೇಳಿ."

"ಹೇಳಿದ್ರೆ ನೀವು ನಂಬಲ್ಲ."

"ನಂಬದೆ ಇರೋದಕ್ಕೇ ಸರಕಾರ ನಂಗೆ ಸಂಬಳ ಕೊಡೋದು. ಹೇಳಿ."

ಲುಟ್ಸ್ ಎದ್ದು ಹೋಗಿ ಬಾಗಿಲ ಮೇಲಿನ ಕಮಾನನ್ನು ಇಳಿಸಿದ. ಸದ್ದಾಗದಂತೆ ಅಂಗೈಯಲ್ಲಿ ಗಂಟೆಗಳನ್ನು ಒತ್ತಿ ಹಿಡಿದು ತಂದು ಮಡಿಲಲ್ಲಿಟ್ಟುಕೊಂಡ.

"ಇದು ಬಂದಿದ್ದು ಯುದ್ಧದ ಕಾಲದಲ್ಲಲ್ಲ ಸಾಹೇಬ್ರೇ. ಹೋದ ವರ್ಷದ ಹಿಂದಿನ ವರ್ಷ. ಕೊಯ್ಲು ಮುಗಿದ ಮೇಲೆ."

ಮಂಡಿ ತಿಕ್ಕಿಕೊಳ್ಳುತ್ತಿದ್ದ ಎನಾಕನ ಕೈ ಅಲ್ಲೇ ನಿಂತಿತು.

"ಸಸ್ಕ್ವೆಹಾನಾ ಹೊಳೆ ದಾಟೋ ದೋಣಿಗಟ್ಟೆ ಇದೆಯಲ್ಲ, ಅಲ್ಲಿನ ಕೆಸರು ನಿಮಗೆ ಗೊತ್ತಲ್ಲ. ಒಬ್ಬ ಒಂಟಿ ಗಾಡಿಯವ್ನು ಅಚ್ಚಿನ ತನಕ ಹೂತ್ಕೊಂಡು ನಿಂತಿದ್ದ. ನನ್ನ ಹತ್ರ ಆರು ಕುದುರೆ. ಕಟ್ಟಿ ಎಳೆದೆ. ಎದೆ ಮುಟ್ಟೋ ಗಡ್ಡ, ಮೈ ಪೂರ್ತಿ ಕೆಸರು. ಟೋಪಿ ತೆಗೆದು ನಮಸ್ಕಾರ ಮಾಡಿ ಗಂಟೆ ಬಿಚ್ಚಿಕೊಟ್ಟ. ನಾನೂ ನಗ್ತಾ ಇಸ್ಕೊಂಡೆ."

"ಗುರುತು ಸಿಗ್ಲಿಲ್ವಾ?"

"ಗೆದ್ದ ಖುಷೀಲಿ ಮುಖ ಯಾರ್ ನೋಡ್ತಾರೆ? ಮನೆಗೆ ಬಂದು ಕೆಸರು ತೊಳೆದಾಗ ಈ ನೀಲಿ ಹೂವು ಕಾಣ್ತು. ಗಂಟೆ ತೊಗಲಿಗೆ ಹೂವು ಹೊಲಿಯೋ ಹೆಂಗಸು ಈ ಸೀಮೇಲಿ ಒಬ್ಳೇ. ಅವತ್ತಿಂದ ಊಟ ಸೇರಿಲ್ಲ ನಂಗೆ."

ಊಟ ಸೇರದವನ ಹೊಟ್ಟೆಯನ್ನು ಎನಾಕ್ ಒಮ್ಮೆ ನೋಡಿದ.

"ಅವನೂ ಬೇರೆ ಯಾರಿಂದಲೋ ಗೆದ್ದಿದ್ದಿರಬಹುದು," ಎಂದ. ಹಾಗಿರಲಿ ಎಂದು ತನಗೇ ಆಸೆಯಾದದ್ದು ಅವನಿಗೆ ಗೊತ್ತಾಯಿತು.

"ನಾನೂ ಹಾಗೇ ಅಂದ್ಕೋಬೇಕು ಅಂತಿದ್ದೆ. ಆದ್ರೆ ಅವನ ಕೈಲಿ ಚಾಟಿ ಇರ್ಲಿಲ್ಲ. ಕುದುರೆಗಳಿಗೆ ಶಿಳ್ಳೆ ಹಾಕ್ತಿದ್ದ. ಸಣ್ಣಗೆ, ಹಲ್ಲಿನ ಸಂದೀಲಿ. ಅವು ಕಿವಿ ನಿಗುರಿಸಿ ಎಳೀತಿದ್ವು."

ಯೋಸ್ಟ್ ಜೀವಮಾನದಲ್ಲಿ ಚಾಟಿ ಮುಟ್ಟಿದವನಲ್ಲ ಎಂದು ಅಪೊಲೋನಿಯಾ ಹೇಳಿದ್ದು ಎನಾಕನಿಗೆ ನೆನಪಿತ್ತು. 'ಕುದುರೆಗೂ ಶಿಳ್ಳೆ, ನಂಗೂ ಶಿಳ್ಳೆ. ಯಾರನ್ನ ಕರೀತಿದಾನೆ ಅಂತ ಗೊತ್ತಾಗ್ದೆ ಇಬ್ಬರೂ ಓಡಿ ಹೋಗ್ತಿದ್ವಿ' ಎಂದು ಅವಳು ನಕ್ಕಿದ್ದಳು.

"ಹೊರಡೋವಾಗ ಒಂದು ಮಾತು ಹೇಳ್ದ," ಎಂದ ಲುಟ್ಸ್. "'ಮೂರನೇ ಗಂಟೇನ ಮೆತ್ತಗೆ ಉಜ್ಜು, ಅದು ಹೊಸದು' ಅಂದ. ಅಷ್ಟೇ."

"ಎರಡು ವರ್ಷ ಆಗ್ತಾ ಬಂತಲ್ಲ ಯಜಮಾನ್ರೇ. ಆ ಹೆಣ್ಮಗಳಿಗೆ ಒಂದು ಮಾತು ಹೇಳ್ಬಹುದಿತ್ತಲ್ಲ?"

"ಏನಂತ ಹೇಳ್ಲಿ?" ಲುಟ್ಸ್‌ನ ದನಿ ಮೊದಲ ಬಾರಿಗೆ ಒಡೆಯಿತು. "ನಿನ್ ಗಂಡ ಬದುಕಿದಾನಮ್ಮ, ಎರಡು ದಿನದ ದಾರೀಲಿ ಗಾಡಿ ಹೊಡ್ಕೊಂಡಿದಾನೆ, ನಿನ್ ಮನೆಗೆ ಮಾತ್ರ ಬರಲ್ಲ ಅಂತ ಹೇಳ್ಲಾ?"

ಎನಾಕ್ ಬಕೆಟ್ಟಿನಿಂದ ಎದ್ದು ಕೈ ಚಾಚಿದ.

"ಗಂಟೆ ಕೊಡಿ."

"ಕಿತ್ಕೊಳ್ಳೋ ಹಾಗಿಲ್ಲ ಸಾಹೇಬ್ರೇ. ಗೆದ್ದಿದ್ದು."

"ಗೊತ್ತು. ಯಜಮಾನ್ರೇ, ಸುಳ್ಳು ಪ್ರಮಾಣ ಅಂದ್ರೆ ಸಣ್ಣ ಕೆಸರಲ್ಲ. ಅಚ್ಚಿನ ತನಕ ಹೂತಿದೀರಿ. 'ಹಿಮದಲ್ಲಿ ಕಾಣ್ಲಿಲ್ಲ, ತಪ್ಪಾಗಿ ಹೇಳಿದೆ' ಅಂತ ನೀವಾಗೇ ಹೊಸದಾಗಿ ಬರೆದುಕೊಟ್ರೆ ಎಳೆದು ಹಾಕ್ತೀನಿ. ಎಳೆದೋನಿಗೆ ಏನು ಕೊಡ್ಬೇಕು ಅನ್ನೋದು ನಿಮ್ಮ ದಾರಿಯ ಕಟ್ಟಳೆ, ನಾನೇನು ಹೇಳ್ಲಿ."

ಲುಟ್ಸ್ ಟೋಪಿ ತೆಗೆದ. ಹುಲ್ಲಿನ ಕಟ್ಟಿನಿಂದ ಎದ್ದು, ಎರಡೂ ಕೈಯಲ್ಲಿ ಕಮಾನನ್ನು ಕೊಟ್ಟ.

ಹಿಂದಿರುಗುವ ದಾರಿಯಲ್ಲಿ ಎನಾಕ್ ಚೀಲಕ್ಕೆ ಹುಲ್ಲು ತುರುಕಿ ಗಂಟೆಗಳ ಬಾಯಿ ಕಟ್ಟಿದ. ಯೋಚನೆ ಮಾಡಲು ಅವನಿಗೆ ಸದ್ದಿಲ್ಲದ ದಾರಿ ಬೇಕಿತ್ತು. ಸೇಬಿನ ಮರಗಳು ಹೂ ಬಿಟ್ಟಿದ್ದವು. ಅವನ ಕುದುರೆಗೆ ಅವಸರವಿರಲಿಲ್ಲ, ಅವನಿಗೂ ಇರಲಿಲ್ಲ.

ಯೋಸ್ಟ್ ಸತ್ತಿದ್ದರೆ ಎಲ್ಲರಿಗೂ ಅನುಕೂಲ. ಲುಟ್ಸ್ ಮಾತು ಹಿಂದೆಗೆದುಕೊಂಡ ಮೇಲೆ ದ್ರೋಹದ ಕಳಂಕ ಹೋಯಿತು. ಗಾಡಿ ಸೈನ್ಯದ ಸೇವೆಯಲ್ಲಿ ಹೋಯಿತೆಂದು ರಾಜ್ಯದ ಕೇಳಿಕೆ ನಿಲ್ಲುತ್ತದೆ, ಚರ್ಚಿನವರಿಗೆ ಕಲ್ಲು ಕೆತ್ತಲು ಅಡ್ಡಿಯಿಲ್ಲ, ಅಪೊಲೋನಿಯಾಗೆ ನೆಮ್ಮದಿ. ಲುಟ್ಸ್ ಇನ್ನೆಲ್ಲೂ ಬಾಯಿ ಬಿಡುವವನಲ್ಲ. ದೋಣಿಗಟ್ಟೆಯ ಗಡ್ಡದವನ ವಿಷಯವನ್ನು ಎನಾಕ್ ಒಬ್ಬ ನುಂಗಿಕೊಂಡರೆ ಸಾಕು. ಅನನುಕೂಲವಾಗುವುದು ಬದುಕಿರುವವನೊಬ್ಬನಿಗೆ. ಅವನಾದರೋ ತಾನಾಗಿಯೇ ಮರೆಯಾಗಿರುವವನು.

ಇಷ್ಟರ ತನಕ ಯೋಚನೆ ಸರಕಾರದ್ದು. ಅದರಾಚೆಯದು ಎನಾಕನ ಸ್ವಂತದ್ದು, ಅವನು ಅದನ್ನು ನೇರವಾಗಿ ನೋಡಲು ಹೆದರುತ್ತಿದ್ದ. ಹೆಂಡತಿ ತೀರಿಹೋಗಿ ಆರು ವರ್ಷ. ಫಿಲಡೆಲ್ಫಿಯಾದ ಬಾಡಿಗೆ ಕೋಣೆಯಲ್ಲಿ ತಣ್ಣಗಿನ ಊಟ ಮಾಡಿ ಮಾಡಿ ನಾಲಿಗೆಗೆ ರುಚಿ ಮರೆತಿತ್ತು. ಈ ಎಂಟು ವಾರದಲ್ಲಿ ಹೇಳಿಕೆ ಕೇಳುವ ನೆಪದಲ್ಲಿ ಆ ಅಡುಗೆಮನೆಗೆ ಎಷ್ಟು ಸಲ ಹೋದ, ಎಷ್ಟು ಸಲ ಸೇಬಿನ ಗೊಜ್ಜು ಸವರಿದ ರೊಟ್ಟಿ ತಿಂದ, ಬಾವಿಯ ರಾಟೆಯನ್ನು ಯಾಕೆ ರಿಪೇರಿ ಮಾಡಿದ, ಅವನಿಗೆ ಗೊತ್ತು. ಅವಳಿಗೂ ಗೊತ್ತಿರಬಹುದು. ಹೋದ ವಾರ ರೊಟ್ಟಿ ಕೊಡುವಾಗ ಅವಳು, "ನಿಮ್ಮ ತನಿಖೆ ಬೇಗ ಮುಗಿಸ್ಬೇಡಿ ಸಾಹೇಬ್ರೇ, ಬಾಗಿಲಿನ ತಿರುಗಣೀನೂ ಕೂಗ್ತಿದೆ," ಎಂದು ತಮಾಷೆ ಮಾಡಿದ್ದಳು.

ಅವತ್ತೇ ಅವಳು ಇನ್ನೊಂದು ಮಾತೂ ಹೇಳಿದ್ದಳು. ಯೋಸ್ಟ್ ಹೊರಟ ದಿನ ತಾನು ಬಸುರಿ ಎಂದು ಅವನಿಗೆ ತಿಳಿಸಿರಲಿಲ್ಲವಂತೆ. "ಹಿಮದಲ್ಲಿ ಹೋಗೋನು, ತಲೇಲಿ ಅದೊಂದು ಯಾಕೆ ಅಂದ್ಕೊಂಡೆ. ವಾಪಸ್ ಬಂದ್ಮೇಲೆ ಹೇಳಿದ್ರೆ ಕುಣಿದಾಡ್ತಾನೆ ಅಂತ ಬಚ್ಚಿಟ್ಕೊಂಡಿದ್ದೆ. ಹಾಗೇ ಉಳ್ಕೊಂಡ್ಬಿಡ್ತು." ಬೇಸಗೆಯಲ್ಲಿ ಮಗಳು ಹುಟ್ಟಿದಳು. ದ್ರೋಹಿಯ ಮನೆ ಎಂದು ನೆರೆಯವರು ಹೊಸ್ತಿಲು ತುಳಿಯದಿದ್ದಾಗ ದೂರದೂರಿನಿಂದ ಬಂದು ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹೆಸರನ್ನೇ ಮಗುವಿಗಿಟ್ಟರು. ಎರಡೂ ಮನೆತನದಲ್ಲಿ ಹಿಂದೆ ಯಾರಿಗೂ ಇಲ್ಲದ ಹೆಸರು. ಊರಿಗೆಲ್ಲ ಅವಳು ಟಿಲ್ಲಿ. ತಾಯಿ ಪೂರ್ತಿ ಹೆಸರು ಹಿಡಿದು ಕರೆದಳೆಂದರೆ ಹಾಲು ಚೆಲ್ಲಿದೆ, ಇಲ್ಲವೇ ಕೋಳಿಗೂಡಿನ ಬಾಗಿಲು ತೆರೆದುಬಿಟ್ಟಿದೆ ಎಂದರ್ಥ.

ಗೇಟಿನ ಬಳಿ ಇಳಿಯುವಾಗ ಹಾಳು ಮಂಡಿ ಕೈ ಕೊಟ್ಟಿತು. ಚೀಲ ಕಂಬಕ್ಕೆ ಬಡಿಯಿತು. ಹುಲ್ಲಿನ ನಡುವಿನಿಂದ ಒಂದೇ ಒಂದು ಸಲ, ಸಣ್ಣಗೆ, ಗಂಟೆ ನುಡಿಯಿತು.

ಅಡುಗೆಮನೆಯ ಬಾಗಿಲು ತೆರೆದುಕೊಂಡಿತು. ಅಪೊಲೋನಿಯಾ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಿಂತಿದ್ದಳು. ಎನಾಕನ ಮುಖವನ್ನು ಅವಳು ನೋಡಲೇ ಇಲ್ಲ, ಚೀಲವನ್ನು ನೋಡುತ್ತಿದ್ದಳು.

"ಅದು ನಮ್ದು," ಎಂದಳು.

ಒಳಗೆ ಬೆಂಚಿನ ಮೇಲೆ ಕುಳಿತು ಕಮಾನನ್ನು ಮಡಿಲಿಗೆ ತೆಗೆದುಕೊಂಡಳು. ಕೈ ಒರೆಸಿಕೊಳ್ಳುವುದು ಮರೆತುಹೋಗಿತ್ತು. ನೀಲಿ ಹೂವಿನ ಮೇಲೆ ಹಿಟ್ಟಿನ ಬೆರಳು ಮೂಡಿತು. ಅಳುತ್ತಾಳೆ ಎಂದುಕೊಂಡಿದ್ದ ಎನಾಕ್. ಅವಳು ಅಳಲಿಲ್ಲ. ಮಲಗಿದ ಮಗುವನ್ನು ತಟ್ಟುವ ಹಾಗೆ ತೊಗಲನ್ನು ತಟ್ಟುತ್ತ ಕುಳಿತಳು.

"ಲುಟ್ಸ್ ಹತ್ರ ಇತ್ತಾ?"

"ಹ್ಞೂಂ."

"ಏನಂದ?"

"ಹಿಮದಲ್ಲಿ ಏನೂ ಕಾಣ್ಲಿಲ್ವಂತೆ. ಯೋಸ್ಟ್ ಅಂತ ಸುಮ್ನೆ ಹೇಳ್ಬಿಟ್ನಂತೆ. ಹೊಸದಾಗಿ ಬರೆದುಕೊಡ್ತಾನೆ."

ಅಪೊಲೋನಿಯಾ ಕಣ್ಣು ಮುಚ್ಚಿದಳು. ಅವಳ ಭುಜ ಇಳಿಯಿತು. ಹದಿನಾಲ್ಕು ವರ್ಷ ಹೊತ್ತ ಹೊರೆ ಇಳಿಯುವುದನ್ನು ಎನಾಕ್ ಎದುರಿಗೇ ಕುಳಿತು ನೋಡಿದ.

"ಹಾಗಾದ್ರೆ ಕಲ್ಲಿನ ಮೇಲೆ ಕೆತ್ತಿಸ್ಬಹುದು."

ಈಗ ಹೇಳಬೇಕು, ಇಲ್ಲವೇ ಯಾವತ್ತೂ ಹೇಳಬಾರದು. ಮಾತು ಎನಾಕನ ನಾಲಿಗೆಯ ತುದಿಗೆ ಬಂದು ಅಲ್ಲೇ ಕುಳಿತಿತು. ಅವನು ಬಾಯಿ ತೆರೆಯುವ ಮೊದಲೇ ಅವಳು ಮೊದಲ ಗಂಟೆಯನ್ನು ಬೆರಳಿನಿಂದ ಮೀಟಿದಳು.

"ಇದು ದೊಡ್ಡದು. ಗುಡ್ಡದಾಚೆ ಇರೋವಾಗ್ಲೇ ಇದು ಕೇಳ್ತಿತ್ತು. ನಾನು ಒಲೆಗೆ ಸೌದೆ ಹಾಕ್ತಿದ್ದೆ." ಎರಡನೆಯದನ್ನು ಮೀಟಿದಳು. "ಇದು ಸೇತುವೆ ಹತ್ರ ಬಂದಾಗ. ಮೂರನೇದು ಸೀಳಿತ್ತು, ನೆಗಡಿ ಆದೋನು ಮಾತಾಡ್ದ ಹಾಗೆ ಸದ್ದು. ಬದಲಾಯ್ಸು ಅಂದ್ರೆ, 'ಇರ್ಲಿ ಬಿಡು, ಮಗು ಹುಟ್ಟಲಿ, ಆಗ ಹೊಸದು ಹಾಕಿಸ್ತೀನಿ' ಅಂತಿದ್ದ. ಮದುವೆಯಾದಾಗಿಂದ ಅದೇ ಮಾತು."

ಅವಳು ಮೂರನೆಯ ಗಂಟೆಯನ್ನು ಮೀಟಿದಳು. ಅದು ಸ್ವಚ್ಛವಾಗಿ ನುಡಿಯಿತು.

ಅಪೊಲೋನಿಯಾ ಇನ್ನೊಮ್ಮೆ ಮೀಟಿದಳು. ಹುಬ್ಬು ಗಂಟಿಕ್ಕಿತು.

"ಇದು ನಮ್ದಲ್ಲ."

ಅವಳು ಗಂಟೆಯೊಳಗೆ ಬೆರಳಿಟ್ಟು ಸುತ್ತಲೂ ಸವರಿ ನೋಡಿದಳು. ಒಂದು ಕಡೆ ಬೆರಳು ನಿಂತಿತು.

"ಒಳಗೆ ಏನೋ ಗೀರಿದಾರೆ. ನೋಡಿ ಸಾಹೇಬ್ರೇ, ಹೊಲಿದು ಹೊಲಿದು ನಂಗೆ ಹತ್ತಿರದ್ದು ಕಾಣಲ್ಲ."

ಅವನು ಕಮಾನನ್ನು ಕಿಟಕಿಯ ಬೆಳಕಿಗೆ ಹಿಡಿದು ಗಂಟೆಯನ್ನು ಮೇಲೆ ತಿರುಗಿಸಿದ. ಮೊಳೆಯ ತುದಿಯಲ್ಲಿ ಗೀರಿದ ಅಕ್ಷರಗಳು, ಬರೆದು ಅಭ್ಯಾಸವಿಲ್ಲದ ಕೈಯವು. ಒಂದೊಂದನ್ನೇ ಕೂಡಿಸಿಕೊಂಡು ಓದಬೇಕಾಯಿತು. ಕಚೇರಿಯಲ್ಲಿ ಕಾಗದಗಳನ್ನು ಜೋರಾಗಿ ಓದಿ ರೂಢಿಯಾದ ಬಾಯಿ, ಮನಸ್ಸು ತಡೆಯುವ ಮೊದಲೇ ಓದಿಬಿಟ್ಟಿತು.

"ಓಟ್ಟಿಲಿಯಾ."

ಅಪೊಲೋನಿಯಾಳ ಹಿಟ್ಟಿನ ಕೈ ಎದೆಯ ಮೇಲೆ ಹೋಗಿ ನಿಂತಿತು.

ಹಿತ್ತಿಲಿನಲ್ಲಿ ಹಾಲಿನ ಬಕೆಟ್ಟು ಕೆಳಗಿಟ್ಟ ಸದ್ದಾಯಿತು. ಬಾಗಿಲ ಬಳಿ ಹುಡುಗಿಯ ಹೆಜ್ಜೆ ಕೇಳಿಸಿತು.

"ಬಂದೆ, ಬಂದೆ," ಎಂದಳು ಟಿಲ್ಲಿ, ಹೊರಗಿನಿಂದಲೇ. "ಪೂರ್ತಿ ಹೆಸರು ಹಿಡಿದು ಕರೀತಿದೀರಲ್ಲ, ನಾನೇನ್ ತಪ್ಪು ಮಾಡ್ದೆ?"